ಟಿ-38 ಟ್ಯಾಲನ್ ಮಾಡೆಲ್ ಕಿಟ್: ನಾಲ್ಕು ವರ್ಷ ಬಳಸಿದ ಮೇಲೆ

ಹಾಸನದ ಪಿಯು ಕಾಲೇಜೊಂದರಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ಟಿ-38 ಟ್ಯಾಲನ್ ಅಂದರೆ ಅಮೆರಿಕದ ವಾಯುಸೇನೆಯ ಪೈಲಟ್‌ಗಳು ಹಾರಾಟ ಕಲಿಯುವ ಎರಡು ಸೀಟಿನ ಜೆಟ್ ವಿಮಾನ. ನಾಲ್ಕು ವರ್ಷದ ಹಿಂದೆ ಅದರ ಈ ಪ್ಲಾಸ್ಟಿಕ್ ಕಿಟ್ ತರಿಸಿಕೊಂಡೆ. 1:48 ಅಳತೆ. ನಿಜವಾದ ವಿಮಾನ 14 ಮೀಟರ್ ಉದ್ದ, ಇದು ಹೆಚ್ಚುಕಮ್ಮಿ ಸ್ಕೂಲಿನ ಅಡಿಸ್ಕೇಲಿನಷ್ಟು. ಜೋಡಿಸಲು ಎರಡು ತಿಂಗಳು ಹಿಡಿಯಿತು. ಆಮೇಲೆ ಮನೆಯ ಶೋಕೇಸಿಗಿಂತ ಕ್ಲಾಸಿನಲ್ಲೇ ಜಾಸ್ತಿ ಇದೆ.

ಇದರ ದೊಡ್ಡ ಗುಣ ಆಕಾರ. ಮೇಲಿನಿಂದ ನೋಡಿದರೆ ರೆಕ್ಕೆ ಸೇರುವ ಜಾಗದಲ್ಲಿ ವಿಮಾನದ ಸೊಂಟ ಸಣ್ಣಗಿದೆ. ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ, "ಸಾರ್, ಮಧ್ಯೆ ಯಾಕೆ ಹಿಂಡಿದಂಗಿದೆ?" ಆ ಪ್ರಶ್ನೆಗೇ ನಾನು ಕಾಯುತ್ತಿರುತ್ತೇನೆ. ಶಬ್ದದ ವೇಗದ ಹತ್ತಿರ ಹೋದಂತೆ ಗಾಳಿಗೆ ಪಕ್ಕಕ್ಕೆ ಸರಿಯಲು ಪುರುಸೊತ್ತಿರುವುದಿಲ್ಲ. ಒತ್ತಡದ ಅಲೆಗಳೆದ್ದು ವಿಮಾನವನ್ನು ತಡೆಯುತ್ತವೆ. ಸೌತೆಕಾಯಿ ಬಿಲ್ಲೆ ಮಾಡಿದ ಹಾಗೆ ವಿಮಾನವನ್ನು ಅಡ್ಡಡ್ಡ ಕತ್ತರಿಸುತ್ತಾ ಹೋದರೆ, ಮೈ ಮತ್ತು ರೆಕ್ಕೆ ಸೇರಿದ ವಿಸ್ತೀರ್ಣ ಎಲ್ಲೂ ದಿಢೀರ್ ಏರಬಾರದು. ಅದಕ್ಕೇ ರೆಕ್ಕೆ ಬಂದ ಕಡೆ ಮೈ ಒಳಕ್ಕೆ ಸರಿಯಬೇಕು. 1950ರ ದಶಕದ ಆರಂಭದಲ್ಲಿ ಅಮೆರಿಕದ ರಿಚರ್ಡ್ ವಿಟ್‌ಕೂಂಬ್ ಕಂಡುಕೊಂಡ ಸೂತ್ರ ಇದು. ಬೋರ್ಡಿನ ಮೇಲೆ ಬರೆದರೆ ಅರ್ಧ ಕ್ಲಾಸಿಗೆ ತಲೆಗೆ ಹೋಗಲ್ಲ. ಮಾಡೆಲ್ ಮೇಲೆ ಬೆರಳಾಡಿಸಿದರೆ ಗೊತ್ತಾಗುತ್ತದೆ.

ಹಿಂದಿನ ಸೀಟು ಎತ್ತರದಲ್ಲಿದೆ. ಕಲಿಸುವವರು ಕೂರುವುದು ಅಲ್ಲೇ. ಮುಂದಿರುವ ಹುಡುಗನ ತಲೆ ಮೇಲಿಂದ ರನ್‌ವೇ ಕಾಣಬೇಕು, ಅಲ್ವಾ? ಬಾಲದಲ್ಲಿ ಎರಡು ಪುಟ್ಟ ಜೆ85 ಎಂಜಿನ್. ಈ ಎಂಜಿನ್ ಮೊದಲು ಹುಟ್ಟಿದ್ದು ಶತ್ರುವಿನ ರೇಡಾರಿನ ಕಣ್ಣಿಗೆ ಮಣ್ಣೆರಚುವ ಸಣ್ಣ ಕ್ಷಿಪಣಿಗಾಗಿ. ಅದು ಅಷ್ಟು ಹಗುರ ಇದ್ದದ್ದರಿಂದಲೇ ಇದನ್ನು ತಯಾರಿಸಿದ ನಾರ್ತ್ರಾಪ್ ಕಂಪನಿಯವರಿಗೆ ಇಷ್ಟು ಸಪೂರದ ವಿಮಾನ ಮಾಡಲು ಆಯಿತು. 1959ರ ಏಪ್ರಿಲ್ 10ರಂದು ಮೊದಲು ಹಾರಿತು. ಸಾವಿರಕ್ಕೂ ಹೆಚ್ಚು ತಯಾರಾದವು. ನಮ್ಮ ಬೀದರಿನಲ್ಲಿ ಪೈಲಟ್‌ಗಳು ಕಲಿಯುವ ಹಾಕ್, ನೇರ ಹಾರಾಟದಲ್ಲಿ ಶಬ್ದದ ವೇಗ ದಾಟುವುದಿಲ್ಲ. ಟಿ-38 ಸುಮಾರು ಮ್ಯಾಕ್ 1.3, ಅಂದರೆ ಶಬ್ದದ ವೇಗದ 1.3 ಪಟ್ಟು, ಮುಟ್ಟುತ್ತದೆ. ಈ ಹೋಲಿಕೆ ಹೇಳಿದಾಗ ಹಿಂದಿನ ಬೆಂಚೂ ಸುಮ್ಮನಾಗುತ್ತದೆ.

ಇನ್ನು ತೊಂದರೆಗಳು. ಮೂಗಿನೊಳಗೆ ಭಾರ ಇಡಬೇಕೆಂದು ಸೂಚನೆ ಹಾಳೆಯಲ್ಲಿ ಎಲ್ಲೂ ಬರೆದಿರಲಿಲ್ಲ. ಜೋಡಿಸಿ ನಿಲ್ಲಿಸಿದರೆ ಬಾಲದ ಮೇಲೆ ಕೂತುಬಿಟ್ಟಿತು. ಮೂಗು ಬಿಚ್ಚಿ, ಗಾಳಕ್ಕೆ ಕಟ್ಟುವ ಸೀಸದ ಗುಂಡು ತುಂಬಿದೆ. ಅಂಟಿಸುವ ಅಕ್ಷರದ ಚೀಟಿಗಳು ನೀರಿಗೆ ಹಾಕಿದ ಕೂಡಲೇ ಚೂರಾದವು. ಕಂಪನಿಗೆ ಬರೆದೆ, ಉತ್ತರವೇ ಬರಲಿಲ್ಲ. ಅಷ್ಟು ದುಡ್ಡು ತೆಗೆದುಕೊಂಡು ಹೀಗೆ ಮಾಡಬಾರದಿತ್ತು. ಮುಂದಿನ ಚಕ್ರದ ಕಡ್ಡಿ ಎರಡು ಸಲ ಮುರಿದಿದೆ. ಮೂವತ್ತು ಮಕ್ಕಳ ಕೈ ದಾಟಿ ಬರುವ ವಸ್ತು, ಅದನ್ನು ದೂರುವುದಿಲ್ಲ.

ನಮ್ಮ ಕಡೆಯವರಿಗೆ ಒಂದು ಮಾತು. ಆಷಾಢದ ಜಡಿಮಳೆಯಲ್ಲಿ ಬಿಳಿ ಸ್ಪ್ರೇ ಹೊಡೆಯಬೇಡಿ. ತೇವಕ್ಕೆ ಹೊಳಪೆಲ್ಲ ಹೋಗಿ ಮಂಜು ಕವಿದ ಹಾಗಾಗುತ್ತದೆ. ನನ್ನದು ಹಾಗೇ ಆಗಿ, ಪೂರ್ತಿ ಉಜ್ಜಿ ಮತ್ತೆ ಹೊಡೆದೆ.

ಐದಕ್ಕೆ ನಾಲ್ಕು ಸ್ಟಾರ್. ಇನ್ನೊಂದು ಕಿಟ್ ತರಿಸಿದ್ದೇನೆ. ದೀಪಾವಳಿ ರಜೆಯಲ್ಲಿ ಕೂರುತ್ತೇನೆ. ಈ ಸಲ ಒಂದು ಪಕ್ಕವನ್ನು ಅಂಟಿಸದೆ ಬಿಡುತ್ತೇನೆ, ಒಳಗೆ ಎಂಜಿನ್ ಕೂರುವ ಜಾಗ ಮಕ್ಕಳಿಗೆ ಕಾಣಲಿ.