ಬೀಗ ಹಾಕಿದ ಕಪಾಟುಗಳು: ಸುಂಟಿಕೊಪ್ಪದ ಕಡೆಯ ಹೋಂಸ್ಟೇಯೊಂದರ ಗ್ರಂಥಾಲಯ

ಸುಂಟಿಕೊಪ್ಪದ ಕಡೆ ಕಾಫಿ ತೋಟದ ನಡುವಿರುವ ಹಳೆಯ ಬಂಗಲೆಯೊಂದರಲ್ಲಿ ಕಳೆದ ಸೆಪ್ಟೆಂಬರ್‌ನಲ್ಲಿ ಎರಡು ರಾತ್ರಿ ತಂಗಿದ್ದೆ. ಕೊಡಗಿನಲ್ಲಿ ಹೋಂಸ್ಟೇಗಳಿಗೆ ಕೊರತೆಯಿಲ್ಲ. ಇದನ್ನೇ ಆರಿಸಿಕೊಂಡದ್ದು ಜಾಹೀರಾತಿನಲ್ಲಿ ಓದುಗರಿಗಾಗಿ ದೊಡ್ಡ ಗ್ರಂಥಾಲಯವಿದೆ ಎಂದು ಹೇಳಿದ್ದರಿಂದ. ಊಟ, ಬಿಸಿನೀರು, ಹಾಸಿಗೆ ಎಲ್ಲವೂ ಚೆನ್ನಾಗಿದ್ದವು. ನಾನಿಲ್ಲಿ ಬರೆಯುವುದು ಗ್ರಂಥಾಲಯದ ಬಗ್ಗೆ ಮಾತ್ರ.

ಕೋಣೆ ನಿಜಕ್ಕೂ ಸುಂದರವಾಗಿದೆ. ತೋಟದ ಕಡೆಗೆ ತೆರೆಯುವ ಎರಡು ದೊಡ್ಡ ಕಿಟಕಿಗಳು, ಒಳ್ಳೆಯ ದೀಪ, ಆರಾಮ ಕುರ್ಚಿ, ನೆಲದಿಂದ ಮಾಡಿನವರೆಗೆ ಬೀಟೆ ಮರದ ಕಪಾಟುಗಳು. ಆದರೆ ಪ್ರತಿಯೊಂದು ಕಪಾಟಿಗೂ ಗಾಜಿನ ಬಾಗಿಲು, ಪ್ರತಿಯೊಂದು ಬಾಗಿಲಿಗೂ ಬೀಗ. ಪುಸ್ತಕಗಳನ್ನು ಬೆನ್ನಿನ ಬಣ್ಣ ನೋಡಿ ಜೋಡಿಸಿದ್ದಾರೆ: ಒಂದು ವಿಶ್ವಕೋಶದ ಸಂಪುಟಗಳೆಲ್ಲ ಒಂದು ಗೋಡೆಯಲ್ಲಿದ್ದರೆ, ಬಣ್ಣ ಬೇರೆಯೆಂಬ ಕಾರಣಕ್ಕೆ ಅದರ ಸೂಚಿ ಸಂಪುಟ ಎದುರು ಗೋಡೆಯಲ್ಲಿದೆ. ಬೀಗದ ಕೈ ತೋಟದ ಲೆಕ್ಕಪತ್ರ ನೋಡಿಕೊಳ್ಳುವ ರೈಟರ್ ಬಳಿ ಇರುತ್ತದೆಂದು ತಿಳಿದು ಅವರನ್ನು ಕೇಳಿದೆ. “ಕೀ ಕೇಳಿದವರು ನೀವೇ ಮೊದಲು ಮೇಡಂ, ಬಂದವರೆಲ್ಲ ಇದರ ಮುಂದೆ ಕೂತು ಫೋಟೊ ತೆಗೆಸಿಕೊಂಡು ಹೋಗುತ್ತಾರೆ” ಎಂದು ಹೇಳಿ, ಅವರು ಸೌಜನ್ಯದಿಂದಲೇ ಬಂದು ತೆರೆದುಕೊಟ್ಟರು.

ಬಾಗಿಲು ತೆರೆದ ಕೂಡಲೇ ಬೂಷ್ಟಿನ ವಾಸನೆ ಮುಖಕ್ಕೆ ಬಡಿಯಿತು. ಕೆಳಗಿನ ಎರಡು ಸಾಲುಗಳ ರಟ್ಟಿನ ಮೇಲೆ ಬಿಳಿ ಬೂಷ್ಟು ಹಬ್ಬಿತ್ತು. ನುಣುಪು ಕಾಗದದಲ್ಲಿ ಅಚ್ಚಾದ ದೊಡ್ಡ ಚಿತ್ರಪುಸ್ತಕವೊಂದರ ಹಾಳೆಗಳು ಒಂದಕ್ಕೊಂದು ಅಂಟಿ ಹಲಗೆಯಂತಾಗಿದ್ದವು. ಅಂಥ ಕಾಗದದ ಲೇಪ ತೇವ ಹೀರಿ ಒಣಗಿದರೆ ಹಾಳೆಗಳನ್ನು ಮತ್ತೆ ಬಿಡಿಸಲಾಗುವುದಿಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಮಡಿಕೇರಿಯಲ್ಲಿ ಸಂಸಾರ ನಡೆಸಿದವಳಾದ್ದರಿಂದ ಇದರ ಕಾರಣ ನನಗೆ ಚೆನ್ನಾಗಿ ಗೊತ್ತು. ಗಾಳಿಯ ತೇವಾಂಶ ಶೇಕಡಾ 70ನ್ನು ದಾಟಿ ದಿನಗಟ್ಟಲೆ ಹಾಗೆಯೇ ನಿಂತರೆ ಕಾಗದ, ಬಟ್ಟೆ, ಅಂಟು ಎಲ್ಲವೂ ಬೂಷ್ಟಿಗೆ ಆಹಾರವಾಗುತ್ತವೆ. ಹೊರಗೋಡೆಗೆ ತಾಗಿಸಿ ನಿಲ್ಲಿಸಿದ, ಗಾಳಿಯಾಡದ ಕಪಾಟಿನಲ್ಲಂತೂ ಬೇಗ. ಅಲ್ಲಿ ಇಟ್ಟಿದ್ದ ನುಸಿಗುಳಿಗೆ ಹುಳುಗಳನ್ನು ದೂರವಿಡಬಹುದೇ ಹೊರತು ತೇವವನ್ನು ತಡೆಯುವುದಿಲ್ಲ. ನಮ್ಮ ಮನೆಯಲ್ಲಿ ಮಳೆಗಾಲ ಕಳೆದು ಉಳಿಯುತ್ತಿದ್ದದ್ದು ಕೈಯಿಂದ ಕೈಗೆ ಓಡಾಡಿ ಹಾಳೆ ತಿರುವಿಸಿಕೊಂಡ ಪುಸ್ತಕಗಳೇ.

ಇದಕ್ಕಿಂತ ಹೆಚ್ಚು ನೋವಾದದ್ದು ಅಲ್ಲಿ ಇಲ್ಲದಿದ್ದ ಪುಸ್ತಕಗಳಿಗಾಗಿ. ಇಂಗ್ಲಿಷಿನ ದಪ್ಪ ಸಂಪುಟಗಳ ನಡುವೆ ಕನ್ನಡದ ಒಂದು ಪುಸ್ತಕವೂ ಕಾಣಲಿಲ್ಲ. ಪೊಲೀಸ್ ಇಲಾಖೆಯಲ್ಲಿದ್ದ ನಡಿಕೇರಿಯಂಡ ಚಿಣ್ಣಪ್ಪನವರು ಜನರ ಬಾಯಲ್ಲಿದ್ದ ಹಾಡು, ಗಾದೆ, ಪದ್ಧತಿಗಳನ್ನು ಸಂಗ್ರಹಿಸಿ 1924ರಲ್ಲಿ ಹೊರತಂದ ‘ಪಟ್ಟೋಲೆ ಪಳಮೆ’ ಕೊಡಗಿನ ಗ್ರಂಥಾಲಯವೆಂದು ಹೇಳಿಕೊಳ್ಳುವ ಕೋಣೆಯಲ್ಲಿ ಇರಬೇಡವೇ? ಇಂಥದೇ ತೋಟದ ಬದುಕಿನ ನಡುವೆ ಕುಳಿತು ಕತೆ ಬರೆದು, 1939ರಲ್ಲಿ ಇಪ್ಪತ್ತೇಳರ ವಯಸ್ಸಿಗೇ ತೀರಿಕೊಂಡ ಕೊಡಗಿನ ಗೌರಮ್ಮನವರ ‘ಕಂಬನಿ’, ‘ಚಿಗುರು’ ಎಷ್ಟು ಜಾಗ ಬೇಡುತ್ತವೆ? ಅವು ತೆಳ್ಳಗಿನ ಪುಸ್ತಕಗಳು, ಫೋಟೊದಲ್ಲಿ ಎದ್ದು ಕಾಣುವುದಿಲ್ಲ. ಅದೇ ಕಾರಣವಿರಬೇಕೆಂದು ನನ್ನ ಅನಿಸಿಕೆ.

ಮನೆಯಲ್ಲಿ ಪುಸ್ತಕವಿದ್ದರೆ ಮನೆಗೆ ಮರ್ಯಾದೆ ಎಂಬ ಭಾವನೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹೊಸದಾಗಿ ಟೀಚರಾದಾಗ, ತಿಳಿದವಳೆನಿಸಿಕೊಳ್ಳಬೇಕೆಂಬ ಆಸೆಯಿಂದಲೇ ಸಂಬಳದಲ್ಲಿ ಉಳಿಸಿ ದೊಡ್ಡ ದೊಡ್ಡ ಪುಸ್ತಕಗಳನ್ನು ಕೊಂಡಿದ್ದೆ. ಕೈಗೆಟಕುವಂತೆ ಇದ್ದುದರಿಂದ ಮಳೆಯ ಸಂಜೆಗಳಲ್ಲಿ ಅವುಗಳನ್ನು ಓದುತ್ತಾ ಹೋದೆ. ಬೀಗ ಹಾಕಿದ್ದರೆ ಆ ಓದು ನಡೆಯುತ್ತಲೇ ಇರಲಿಲ್ಲ.

ಭಾನುವಾರ ಅಡುಗೆಯವರ ಜೊತೆ ಅವರ ಮಗಳು ಬಂದಿದ್ದಳು. ತೋಟದ ಕೆಲಸಗಾರರ ಸಾಲುಮನೆಯಾದ ಲೈನ್‌ಮನೆಯಲ್ಲಿ ವಾಸ, ಒಂಬತ್ತನೆಯ ತರಗತಿ. ಗಾಜಿಗೆ ಮುಖವಿಟ್ಟು ಪುಸ್ತಕದ ಹೆಸರುಗಳನ್ನು ಒಂದೊಂದಾಗಿ ಓದುತ್ತಿದ್ದವಳು, “ಟೀಚರ್, ಇದರಲ್ಲಿ ಕನ್ನಡ ಕತೆ ಪುಸ್ತಕ ಇಲ್ವಾ?” ಎಂದು ಕೇಳಿದಳು. ನಾನು ದಾರಿಗೆಂದು ತಂದಿದ್ದ ಕಥಾಸಂಕಲನವನ್ನು ಅವಳಿಗೆ ಕೊಟ್ಟೆ. ಮಧ್ಯಾಹ್ನ ಊಟಕ್ಕೆ ಕರೆಯುವವರೆಗೂ ಅವಳು ಹಿಂದಿನ ಜಗಲಿಯಿಂದ ಏಳಲಿಲ್ಲ.

ಮಾಲೀಕರು ಬೆಂಗಳೂರಿನಲ್ಲಿರುವುದರಿಂದ ಅವರಿಗೂ ಈ ವಿಷಯಗಳನ್ನು ಬರೆದು ತಿಳಿಸಿದ್ದೇನೆ: ಕಪಾಟುಗಳನ್ನು ಗೋಡೆಯಿಂದ ಮೂರು ಅಂಗುಲವಾದರೂ ಮುಂದಕ್ಕೆ ಸರಿಸಬೇಕು, ಬಿಸಿಲಿರುವ ದಿನ ಬಾಗಿಲು ತೆರೆದಿಡಬೇಕು, ಕನ್ನಡದ ಐವತ್ತು ಪುಸ್ತಕ ಕೊಳ್ಳಬೇಕು, ತೋಟದ ಮಕ್ಕಳಿಗೆ ವಾರಕ್ಕೊಮ್ಮೆಯಾದರೂ ಪುಸ್ತಕ ಮನೆಗೆ ಒಯ್ಯಲು ಕೊಡಬೇಕು. ಇದಕ್ಕೆ ಬೇಕಾಗುವ ಹಣ ಆ ಬೀಟೆ ಮರದ ಬಾಗಿಲೊಂದರ ಬೆಲೆಯಷ್ಟೂ ಆಗಲಾರದು.

ತಂಗುವುದಕ್ಕೆ ಐದರಲ್ಲಿ ನಾಲ್ಕು ಅಂಕ, ಗ್ರಂಥಾಲಯಕ್ಕೆ ಒಂದೇ ಅಂಕ. ಅದು ಕಿಟಕಿಯ ಬೆಳಕಿಗೆ ಮತ್ತು ರೈಟರ್ ಅವರ ಸೌಜನ್ಯಕ್ಕೆ. ಓದುವ ಉದ್ದೇಶದಿಂದ ಹೋಗುವವರು ಪುಸ್ತಕಗಳನ್ನು ತಾವೇ ಒಯ್ಯಿರಿ, ಸಾಧ್ಯವಾದರೆ ಅಲ್ಲಿಯೇ ಬಿಟ್ಟುಬರಬಹುದಾದ ಒಂದು ಕನ್ನಡ ಪುಸ್ತಕವನ್ನೂ ಜೊತೆಗಿಟ್ಟುಕೊಳ್ಳಿ.