ಡಿಸೆಂಬರಿನ ಐಸ್‌ಲ್ಯಾಂಡಿಗೆ ‘ಚಿಕ್ಕ ಗುಂಪಿನ’ ಪ್ರವಾಸ ಕಾಯ್ದಿರಿಸುವ ಮುನ್ನ

ಡಿಸೆಂಬರ್ ತಿಂಗಳ ನಡುವಿನಲ್ಲಿ ಐಸ್‌ಲ್ಯಾಂಡಿನ ದಕ್ಷಿಣ ಕರಾವಳಿಯಲ್ಲಿ ಸೂರ್ಯ ಮೂಡುವುದು ಬೆಳಗಿನ ಸುಮಾರು 11 ಗಂಟೆಗೆ; ಮಧ್ಯಾಹ್ನ 3.30ರ ಹೊತ್ತಿಗೆ ಮುಳುಗಿಯೇ ಬಿಟ್ಟಿರುತ್ತಾನೆ. ಇದನ್ನು ತಿಳಿದೇ ನಾವು ನಾಲ್ವರು, ಎಂದರೆ ನಾನು, ನನ್ನ ಹೆಂಡತಿ, ಅಕ್ಕ ಮತ್ತು ಭಾವ, ಅಲ್ಲಿಗೆ ನಾಲ್ಕು ದಿನಗಳ ಪ್ರವಾಸವೊಂದನ್ನು ಕಾಯ್ದಿರಿಸಿದೆವು. ಹಗಲು ಇಷ್ಟು ಚಿಕ್ಕದಾಗಿರುವಾಗ ನಾವೇ ಕಾರು ಬಾಡಿಗೆಗೆ ಪಡೆದು ಹಿಮದ ರಸ್ತೆಯಲ್ಲಿ ತಡಕಾಡುವುದಕ್ಕಿಂತ, ದಾರಿ ಬಲ್ಲ ಗೈಡ್ ಜೊತೆಗಿರುವ, ಎಂಟು ಜನರನ್ನು ಮೀರದ ಗುಂಪಿನಲ್ಲಿ ಹೋಗುವುದು ಲೇಸೆಂದು ದೊಡ್ಡ ಬಸ್ಸಿನ ಪ್ರವಾಸಕ್ಕಿಂತ ಸುಮಾರು ಎರಡು ಪಟ್ಟು ಹಣ ಕೊಡಲು ಒಪ್ಪಿದೆವು. ಆ ದೇಶದ ಬಗ್ಗೆ ನನಗೆ ಎಳ್ಳಷ್ಟೂ ದೂರಿಲ್ಲ. ಅದನ್ನು ನಮಗೆ ಮಾರಿದ ರೀತಿಯ ಬಗ್ಗೆ ಮಾತ್ರ ಬಹಳಷ್ಟು ಹೇಳುವುದಿದೆ. ಅದೇ ರೀತಿಯಲ್ಲಿ ಇನ್ನಾರೂ ಹಣ ಕಳೆದುಕೊಳ್ಳಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲ ತಪ್ಪು ನಮ್ಮದೇ. ಪ್ರವಾಸ ಮಾರುತ್ತಿದ್ದ ಜಾಲತಾಣ ಐಸ್‌ಲ್ಯಾಂಡಿನ ಸಂಸ್ಥೆಯದೆಂದು ನಾವು ಭಾವಿಸಿದ್ದೆವು. ಹಾಗೆಂದು ಅದರಲ್ಲಿ ಎಲ್ಲಿಯೂ ಬರೆದಿರಲಿಲ್ಲ, ಆದರೆ ಅಲ್ಲವೆಂದೂ ಬರೆದಿರಲಿಲ್ಲ. ಹಣ ಸಂದಾಯವಾದ ಮೇಲೆ ಬಂದ ವೋಚರಿನ ಕೊನೆಯ ಪುಟದಲ್ಲಿ, ತೀರ ಸಣ್ಣ ಅಕ್ಷರಗಳಲ್ಲಿ, ಪ್ರವಾಸವನ್ನು ‘ಸ್ಥಳೀಯ ಸಹಭಾಗಿ’ ನಡೆಸಿಕೊಡುವರೆಂಬ ಸಾಲೊಂದಿತ್ತು. ಆ ಸಹಭಾಗಿ ಯಾರೆಂಬುದು ತಿಳಿದದ್ದು ರಾಜಧಾನಿ ರೇಕ್ಯಾವಿಕ್‌ನಲ್ಲಿ ವಾಹನ ಹತ್ತುವಾಗ. ನಮ್ಮಿಂದ ಹಣ ಪಡೆದವರು ಯುರೋಪಿನ ಹೊರಗೆ ನೋಂದಣಿಯಾಗಿದ್ದ ಮಧ್ಯವರ್ತಿಗಳು. ಈ ವಿವರ ಆಗ ಅಷ್ಟೇನೂ ಮುಖ್ಯವೆನಿಸಲಿಲ್ಲ. ಮುಂದೆ ನಡೆದ ಎಲ್ಲದರ ಬೇರು ಅದರಲ್ಲೇ ಇತ್ತು.

ವಾಹನ 19 ಆಸನಗಳ ಮಿನಿಬಸ್ಸು, ಜನ ನಮ್ಮನ್ನೂ ಸೇರಿಸಿ 16. ‘ಎಂಟು ಎಂದು ಹೇಳಿದ್ದರಲ್ಲ’ ಎಂದು ಕೇಳಿದಾಗ, ಚಾಲಕರೂ ಗೈಡೂ ಒಬ್ಬರೇ ಆಗಿದ್ದ ಆ ಯುವಕ ತನಗೆ ಸಿಕ್ಕಿದ ಪಟ್ಟಿಯಲ್ಲಿ 16 ಹೆಸರುಗಳಿವೆ ಎಂದಷ್ಟೇ ಹೇಳಿದರು, ಮತ್ತು ಅವರ ಮಟ್ಟಿಗೆ ಅದು ನಿಜವೇ ಆಗಿತ್ತು. ಇಬ್ಬರು ಮಧ್ಯವರ್ತಿಗಳು ಮಾರಿದ ಎರಡು ಗುಂಪುಗಳನ್ನು ಒಂದೇ ಗಾಡಿಗೆ ತುಂಬಿದ್ದರೆಂದು ಸಹಪ್ರಯಾಣಿಕರ ವೋಚರುಗಳನ್ನು ನೋಡಿದಾಗ ಗೊತ್ತಾಯಿತು. ಹೆಚ್ಚು ಜನರಿದ್ದರೆ ಏನಂತೆ ಎಂದು ಕೆಲವರು ಕೇಳಬಹುದು. ಸುಮಾರು ನಾಲ್ಕೂವರೆ ಗಂಟೆಯ ಹಗಲಿನಲ್ಲಿ ಅದು ದೊಡ್ಡ ವಿಷಯ. ಪ್ರತಿ ನಿಲುಗಡೆಯಲ್ಲೂ 16 ಜನ ಕೋಟು, ಕೈಗವಸು, ಬೂಟಿಗೆ ಕಟ್ಟುವ ಮುಳ್ಳುಪಟ್ಟಿ ಎಲ್ಲವನ್ನೂ ಧರಿಸಿ ಇಳಿಯಬೇಕು, ಒಂದೋ ಎರಡೋ ಶೌಚಾಲಯಗಳ ಮುಂದೆ ಸಾಲು ನಿಲ್ಲಬೇಕು, ಮತ್ತೆ ಹತ್ತಿ ಎಣಿಕೆಯಾಗಬೇಕು. ನಾನು ಗಡಿಯಾರ ನೋಡಿಕೊಂಡಿದ್ದೆ: ಒಂದೊಂದು ನಿಲುಗಡೆಗೂ ಈ ಹತ್ತಿಳಿಯುವುದಕ್ಕೇ ಸುಮಾರು 20 ನಿಮಿಷ ಹೋಗುತ್ತಿತ್ತು.

ಮೊದಲ ದಿನದ ಥಿಂಗ್ವೆಲ್ಲಿರ್ ರಾಷ್ಟ್ರೀಯ ಉದ್ಯಾನ, ಸ್ಟ್ರೋಕ್ಕುರ್ ಬಿಸಿನೀರ ಚಿಲುಮೆ, ಗುಲ್‌ಫಾಸ್ ಜಲಪಾತ ಈ ಮೂರನ್ನೂ ಹೇಗೋ ನೋಡಿದೆವು. ಇವು ರಾಜಧಾನಿಗೆ ಹತ್ತಿರದವು. ಅಲ್ಲಿ ಕೆಟ್ಟದಾಗಿ ಪ್ರವಾಸ ನಡೆಸುವುದೇ ಕಷ್ಟ. ಸ್ಟ್ರೋಕ್ಕುರ್ ಐದರಿಂದ ಹತ್ತು ನಿಮಿಷಕ್ಕೊಮ್ಮೆ ಚಿಮ್ಮುವುದರಿಂದ ಎಷ್ಟೇ ಅವಸರದ ಗುಂಪಿಗೂ ಒಂದೆರಡು ಬಾರಿ ಕಾಣಿಸಿಕೊಳ್ಳುವ ಔದಾರ್ಯ ತೋರುತ್ತದೆ.

ಕೆಟ್ಟದ್ದು ಆರಂಭವಾದದ್ದು ಎರಡನೆಯ ದಿನ. ಕಾಯ್ದಿರಿಸುವಾಗ ಕೊಟ್ಟ ಪಟ್ಟಿಯ ಪ್ರಕಾರ ನಾವು ದಕ್ಷಿಣ ಕರಾವಳಿಯುದ್ದಕ್ಕೂ ಪೂರ್ವಕ್ಕೆ ಸಾಗಿ, ಸೆಲ್ಯಾಲಂಡ್ಸ್‌ಫಾಸ್ ಮತ್ತು ಸ್ಕೋಗಾಫಾಸ್ ಜಲಪಾತಗಳನ್ನೂ ವೀಕ್ ಊರಿನ ಬಳಿಯ ರೇನಿಸ್‌ಫ್ಯಾರಾ ಕಪ್ಪು ಮರಳಿನ ತೀರವನ್ನೂ ನೋಡಿ, ರಾತ್ರಿ ಸ್ಕಾಫ್ಟಾಫೆಲ್ ಸಮೀಪದ ಹೋಟೆಲೊಂದರಲ್ಲಿ ತಂಗಬೇಕಿತ್ತು. ಅಲ್ಲಿಂದ ಯೋಕುಲ್ಸಾರ್ಲೋನ್ ಹಿಮಗಡ್ಡೆಗಳ ಸರೋವರ ಒಂದು ಗಂಟೆಯೊಳಗಿನ ದಾರಿ. ಬೆಳಕು ಹರಿಯುವಾಗಲೇ ದಡದಲ್ಲಿರಬಹುದು, ಅನಂತರ ವಾಟ್ನಾಯೋಕುಲ್ ಹಿಮನದಿಯ ಗುಹೆಗೆ ಹೋಗಿ ಬರುವಷ್ಟು ಸಮಯ ಧಾರಾಳವಾಗಿ ಉಳಿಯುತ್ತದೆ. ಪಟ್ಟಿಯನ್ನು ಓದಿ ಒಪ್ಪಿದ್ದೇ ಈ ಲೆಕ್ಕದ ಮೇಲೆ. ಹೋಟೆಲಿನ ಹೆಸರಿನ ಮುಂದೆ ‘ಅಥವಾ ಅದಕ್ಕೆ ಸಮಾನವಾದದ್ದು’ ಎಂಬ ಮಾತಿತ್ತು. ಸಮಾನವೆಂದರೆ ಹಾಸಿಗೆ, ಊಟ, ಸ್ನಾನದ ಕೋಣೆ ಇವುಗಳಲ್ಲಿ ಸಮಾನವೆಂದು ನಾನು ಅರ್ಥ ಮಾಡಿಕೊಂಡಿದ್ದೆ. ಅವರ ಅರ್ಥವೂ ಅದೇ ಇತ್ತು. ಎಲ್ಲಿ ಎಂಬುದು ಮಾತ್ರ ಆ ಅರ್ಥದಲ್ಲಿ ಸೇರಿರಲಿಲ್ಲ.

ವೀಕ್ ತಲುಪಿದ ಮೇಲೆ ಗಾಡಿ ಪೂರ್ವಕ್ಕೆ ಹೋಗಲಿಲ್ಲ. ಹಿಂದಕ್ಕೆ ತಿರುಗಿ, ಬೆಳಿಗ್ಗೆಯಷ್ಟೇ ದಾಟಿದ್ದ ಹೆಲ್ಲಾ ಎಂಬ ಊರಿಗೆ, ಹತ್ತಿರಹತ್ತಿರ 95 ಕಿಲೋಮೀಟರ್ ವಾಪಸು ಬಂತು. ಸಮಾನ ಹೋಟೆಲು ಅಲ್ಲಿತ್ತು. ಕೋಣೆ ಚೆನ್ನಾಗಿತ್ತು, ಊಟ ಬಿಸಿಯಾಗಿತ್ತು, ನಕ್ಷತ್ರಗಳ ಲೆಕ್ಕದಲ್ಲಿ ಒಂದಿಷ್ಟೂ ಕಡಿಮೆಯಿರಲಿಲ್ಲ. ಆದರೆ ಹೆಲ್ಲಾದಿಂದ ಯೋಕುಲ್ಸಾರ್ಲೋನ್ ಸುಮಾರು 280 ಕಿಲೋಮೀಟರ್ ದೂರ. ಡಾಂಬರು ರಸ್ತೆಯಲ್ಲಿ ಅಲ್ಲಿನ ಗರಿಷ್ಠ ವೇಗಮಿತಿ ಗಂಟೆಗೆ 90 ಕಿಲೋಮೀಟರ್. ಚಳಿಗಾಲದ ಗಾಳಿ ಮತ್ತು ಮಂಜುಗಡ್ಡೆಯ ನಡುವೆ ಅಷ್ಟು ವೇಗದಲ್ಲಿ ಹೋಗಲು ಸಾಧ್ಯವೂ ಇಲ್ಲ, ಹೋಗಲೂಬಾರದು. ಮೇಲಾಗಿ ಇಂಥ ವಾಹನಗಳ ಚಾಲಕರು ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ವಿರಮಿಸಲೇಬೇಕು, ದಿನಕ್ಕೆ ಸಾಮಾನ್ಯವಾಗಿ ಒಂಬತ್ತು ಗಂಟೆಗಿಂತ ಹೆಚ್ಚು ಓಡಿಸಬಾರದು ಎಂಬ ಐರೋಪ್ಯ ನಿಯಮ ಐಸ್‌ಲ್ಯಾಂಡಿಗೂ ಅನ್ವಯಿಸುತ್ತದೆ. ಅದು ಒಳ್ಳೆಯ ನಿಯಮ. ಇವೆಲ್ಲವೂ ಪ್ರವಾಸ ರೂಪಿಸಿದವರಿಗೆ ಮುಂಚೆಯೇ ಗೊತ್ತಿರುವ ಸಂಗತಿಗಳು. ಹೆಲ್ಲಾದಲ್ಲಿ ಹಾಸಿಗೆ ಕೊಟ್ಟ ಕ್ಷಣದಲ್ಲೇ ಮರುದಿನದ ಹಿಮಗುಹೆ ರದ್ದಾಗಿತ್ತು. ನಮಗೆ ಹೇಳಿರಲಿಲ್ಲ ಅಷ್ಟೆ.

ಈ ನಡುವೆ ರೇನಿಸ್‌ಫ್ಯಾರಾದಲ್ಲಿ ನಡೆದದ್ದನ್ನು ಹೇಳದೆ ಮುಂದೆ ಹೋಗಲಾರೆ, ಏಕೆಂದರೆ ಅದರ ಮುಂದೆ ಉಳಿದದ್ದೆಲ್ಲ ಹಣದ ವಿಷಯ. ಆ ತೀರದಲ್ಲಿ ಕಡಲತಳ ದಡದ ಬಳಿಯೇ ಕಡಿದಾಗಿ ಆಳಕ್ಕಿಳಿಯುವುದರಿಂದ ಅಲೆಗಳು ಬಲ ಕುಗ್ಗದೆಯೇ ಬಂದು ಬಡಿಯುತ್ತವೆ. ಹತ್ತು ಅಲೆಗಳು ದೂರದಲ್ಲೇ ನಿಂತರೂ ಹನ್ನೊಂದನೆಯದು ಕಳ್ಳನಂತೆ ಏಕಾಏಕಿ ಮೇಲಕ್ಕೆ ನುಗ್ಗಿ, ನಿಂತವರ ಕಾಲಡಿಯ ಮರಳನ್ನೂ ಜೊತೆಗೆ ಎಳೆದೊಯ್ಯುತ್ತದೆ. ಅಲ್ಲಿ ಹಲವು ಪ್ರವಾಸಿಗರು ಪ್ರಾಣ ಕಳೆದುಕೊಂಡಿದ್ದಾರೆ. 2025ರ ಆಗಸ್ಟ್‌ನಲ್ಲಿ ಒಂಬತ್ತು ವರ್ಷದ ಬಾಲಕಿಯೊಬ್ಬಳು ಅಲೆಗೆ ಸಿಕ್ಕಿ ತೀರಿಕೊಂಡಳು. ಅಲೆಗಳ ಅಪಾಯವನ್ನು ತಿಳಿಸಲು 2022ರಲ್ಲಿ ವಾಹನ ನಿಲ್ದಾಣದಿಂದ ತೀರಕ್ಕೆ ಇಳಿಯುವ ದಾರಿಯಲ್ಲಿ ಬಣ್ಣದ ದೀಪವಿರುವ ಫಲಕ ಹಾಕಲಾಗಿದೆ. ನಮ್ಮ ಗೈಡ್ ಇದಾವುದನ್ನೂ ಹೇಳಲಿಲ್ಲ. ‘ನಲವತ್ತು ನಿಮಿಷ’ ಎಂದು ಬಾಗಿಲು ತೆರೆದು, ತಾವು ಗಾಡಿಯಲ್ಲೇ ಕುಳಿತು ಯಾರೊಂದಿಗೋ ಫೋನಿನಲ್ಲಿ ವಾದಿಸುತ್ತಿದ್ದರು. ಆ ರಾತ್ರಿಯ ಹೋಟೆಲಿನ ವಿಚಾರವಾಗಿಯೇ ಇರಬೇಕೆಂದು ಈಗ ಅನಿಸುತ್ತದೆ. ಬೆಳಕು ಮಾಸುವ ಮುನ್ನ ಬಸಾಲ್ಟ್ ಕಲ್ಲಿನ ಕಂಬಗಳ ಚಿತ್ರ ತೆಗೆಯಬೇಕೆಂಬ ಆತುರದಲ್ಲಿ ಭಾವ ಕಡಲಿಗೆ ಬೆನ್ನು ಮಾಡಿ ನಿಂತಿದ್ದರು. ಅಲೆ ಮೊಣಕಾಲಿನವರೆಗೆ ಬಂತು. ಅವರು ಬಿದ್ದರು. ಮತ್ತೊಂದು ಗುಂಪಿನ ಗೈಡ್ ಓಡಿ ಬಂದು ತೋಳು ಹಿಡಿದು ಎಳೆಯದಿದ್ದರೆ ಈ ಬರಹ ಬೇರೆಯೇ ಆಗಿರುತ್ತಿತ್ತು. ಆಕೆ ತಮ್ಮ ಗುಂಪಿನವರನ್ನು ಒಂದು ಗೆರೆಯಾಚೆ ಬಿಡದೆ, ತಾವು ಕಡಲಿನತ್ತ ಮುಖ ಮಾಡಿ ನಿಂತಿದ್ದರು. ಗೈಡ್ ಎಂಬವರಿಗೆ ಹಣ ಕೊಡುವುದು ಇದಕ್ಕೆ. ಸಂಘಟಿತ ಪ್ರವಾಸ ನಡೆಸುವವರು ಲಿಖಿತ ಸುರಕ್ಷತಾ ಯೋಜನೆ ಹೊಂದಿರಬೇಕೆಂದು ಐಸ್‌ಲ್ಯಾಂಡಿನ ಕಾನೂನು ಹೇಳುತ್ತದೆಂಬುದು ನನಗೆ ಆಮೇಲೆ ತಿಳಿಯಿತು. ಕಾಯ್ದಿರಿಸುವಾಗಲೇ ಅದನ್ನು ಕೇಳಿ ನೋಡಬಹುದಿತ್ತು.

ಮೂರನೆಯ ದಿನ ಬೆಳಿಗ್ಗೆ 8.30ಕ್ಕೆ ಕತ್ತಲಲ್ಲಿ ಹೊರಟು, ನಿನ್ನೆಯ ದಾರಿಯನ್ನೇ ಮೂರನೆಯ ಬಾರಿ ಸವೆಸಿ, ಯೋಕುಲ್ಸಾರ್ಲೋನ್ ಸೇರಿದಾಗ 2.30 ದಾಟಿತ್ತು. ಹಿಮಗುಹೆಗೆ ಕರೆದೊಯ್ಯುವ ಎತ್ತರದ ಗಾಡಿಗಳು ಅಷ್ಟರಲ್ಲಿ ಕೊನೆಯ ಸುತ್ತಿಗೆ ಹೊರಟು ಹೋಗಿದ್ದವು. ಸರೋವರದ ಮುಂದೆ ಮುಕ್ಕಾಲು ಗಂಟೆ ನಿಂತೆವು. ನೀಲಿ ಹಿಮಗಡ್ಡೆಗಳು ನೋಡನೋಡುತ್ತಲೇ ಬೂದು ಬಣ್ಣಕ್ಕೆ ತಿರುಗಿ, ಕೊನೆಗೆ ಬರೀ ಆಕಾರಗಳಾಗಿ ಉಳಿದವು. ನಂತರ ರೇಕ್ಯಾವಿಕ್‌ವರೆಗೆ ಸುಮಾರು 375 ಕಿಲೋಮೀಟರ್ ಕತ್ತಲ ಪ್ರಯಾಣ. ಅಕ್ಕ ದಾರಿಯುದ್ದಕ್ಕೂ ಒಂದು ಮಾತನ್ನೂ ಆಡಲಿಲ್ಲ. ಹಿಮಗುಹೆ ನೋಡಬೇಕೆಂದು ಎಲ್ಲರಿಗಿಂತ ಹೆಚ್ಚು ಆಸೆಪಟ್ಟವರು ಅವರೇ.

ರಾತ್ರಿಯ ಆಕಾಶದಲ್ಲಿ ಬಣ್ಣಬಣ್ಣವಾಗಿ ಕಾಣುವ ಉತ್ತರದ ಬೆಳಕಿನ (ಅರೋರಾ) ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅದನ್ನು ಯಾರೂ ಖಾತರಿ ಕೊಡಲಾರರು, ಮೋಡ ಕವಿದಿದ್ದರೆ ಏನೂ ಮಾಡಲಾಗದು. ಆದರೆ ಪಟ್ಟಿಯಲ್ಲಿ ‘ಉತ್ತರದ ಬೆಳಕಿನ ಶೋಧ ಸೇರಿದೆ’ ಎಂದಿದ್ದರೆ, ಮೋಡವಿಲ್ಲದ ಕಡೆಗೆ ವಾಹನದಲ್ಲಿ ಕರೆದೊಯ್ಯುತ್ತಾರೋ ಅಥವಾ ಹೋಟೆಲಿನ ಅಂಗಳದಲ್ಲಿ ನಿಂತು ಆಕಾಶ ನೋಡಿ ಎನ್ನುತ್ತಾರೋ ಎಂದು ಕೇಳಿಕೊಳ್ಳಿ. ನಮಗೆ ಅಂಗಳ ಸಿಕ್ಕಿತು. ಹಾಗೆಯೇ ಸೆಲ್ಯಾಲಂಡ್ಸ್‌ಫಾಸ್‌ನ ಹಿಂಬದಿಯಲ್ಲಿ ನಡೆದಾಡುವವರ ಚಿತ್ರವನ್ನು ಚಳಿಗಾಲದ ಪ್ರವಾಸದ ಪುಟದಲ್ಲಿ ಹಾಕಿದ್ದರೆ ನಂಬಬೇಡಿ; ಆ ಕಾಲುದಾರಿ ಮಂಜುಗಟ್ಟಿ ಚಳಿಗಾಲದಲ್ಲಿ ಆಗಾಗ ಮುಚ್ಚಿರುತ್ತದೆ.

ಹಿಂದಿರುಗಿದ ಮೇಲೆ ಹಿಮಗುಹೆಗೆಂದು ಪ್ರತ್ಯೇಕವಾಗಿ ಕೊಟ್ಟಿದ್ದ ಹಣವನ್ನಾದರೂ ಮರಳಿಸಿರೆಂದು ಬರೆದೆವು. ಒಬ್ಬೊಬ್ಬರಿಗೆ 20,000 ಕ್ರೋನಾ (ಐಸ್‌ಲ್ಯಾಂಡಿನ ನಾಣ್ಯ) ಮೀರಿದ ಮೊತ್ತವದು. ಬಂದ ಉತ್ತರ ಒಂದೇ ಸಾಲಿನದು: ಹವಾಮಾನದ ಕಾರಣದಿಂದ ಕಾರ್ಯಕ್ರಮ ಬದಲಾಗಿದೆ, ಷರತ್ತುಗಳ ಪ್ರಕಾರ ಮರುಪಾವತಿ ಇಲ್ಲ. ಐಸ್‌ಲ್ಯಾಂಡಿನಲ್ಲಿ ಹವಾಮಾನ ನಿಜಕ್ಕೂ ಪ್ರವಾಸಗಳನ್ನು ಕೆಡಿಸುತ್ತದೆ, ಗಾಳಿಗೆ ಕಾರಿನ ಬಾಗಿಲುಗಳೇ ಮುರಿಯುತ್ತವೆ, ಹಿಮಗುಹೆಗಳೂ ಅಪಾಯಕಾರಿ. 2024ರ ಆಗಸ್ಟ್‌ನಲ್ಲಿ ಬ್ರೇದಾಮೆರ್ಕುರ್‌ಯೋಕುಲ್ ಹಿಮನದಿಯಲ್ಲಿ ಮಂಜಿನ ಗೋಡೆ ಕುಸಿದು ಪ್ರವಾಸಿಗರೊಬ್ಬರು ಸತ್ತಿದ್ದರು. ಹವಾಮಾನಕ್ಕಾಗಿ ಗುಹೆಯ ಭೇಟಿ ರದ್ದಾಗಿದ್ದರೆ ನಾನು ಕೈಮುಗಿದು ಸುಮ್ಮನಾಗುತ್ತಿದ್ದೆ. ಆದರೆ ಆ ದೇಶದ ಹವಾಮಾನ ಕಚೇರಿ ಹಳದಿ, ಕಿತ್ತಳೆ, ಕೆಂಪು ಎಂದು ಬಣ್ಣಗಳಲ್ಲಿ ಎಚ್ಚರಿಕೆ ಪ್ರಕಟಿಸುತ್ತದೆ, ರಸ್ತೆ ಆಡಳಿತ ಪ್ರತಿ ರಸ್ತೆಯ ಸ್ಥಿತಿಯನ್ನು ನಕ್ಷೆಯಲ್ಲಿ ತೋರಿಸುತ್ತದೆ. ಆ ಎರಡು ದಿನಗಳಲ್ಲಿ ದಕ್ಷಿಣಕ್ಕೆ ಯಾವ ಬಣ್ಣದ ಎಚ್ಚರಿಕೆಯೂ ಇರಲಿಲ್ಲ, ರಸ್ತೆ ತೆರೆದಿತ್ತು, ಹಿಮಗುಹೆಯ ಗಾಡಿಗಳು ಮಧ್ಯಾಹ್ನದವರೆಗೂ ಓಡಾಡಿದ್ದವು. ನನ್ನ ಹೆಂಡತಿ ಪ್ರತಿ ಬೆಳಿಗ್ಗೆ ಆ ನಕ್ಷೆಯ ಚಿತ್ರವನ್ನು ಫೋನಿನಲ್ಲಿ ಉಳಿಸಿಟ್ಟುಕೊಂಡಿದ್ದಳು. ಅವಳ ಆ ಅಭ್ಯಾಸವನ್ನು ಪ್ರವಾಸದ ವೇಳೆ ನಾನು ತಮಾಷೆ ಮಾಡಿದ್ದೆನೆಂಬುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು.

ಕಾನೂನಿನ ಬಾಗಿಲು ತಟ್ಟಿದಾಗಲೇ ಮೊದಲ ತಪ್ಪಿನ ಬೆಲೆ ಗೊತ್ತಾದದ್ದು. ಐರೋಪ್ಯ ಒಕ್ಕೂಟದ 2015ರ ಪ್ಯಾಕೇಜ್ ಪ್ರವಾಸ ನಿರ್ದೇಶನವನ್ನು, ಒಕ್ಕೂಟದ ಸದಸ್ಯನಲ್ಲದಿದ್ದರೂ ಐರೋಪ್ಯ ಆರ್ಥಿಕ ವಲಯದ ಸದಸ್ಯನಾದ ಐಸ್‌ಲ್ಯಾಂಡ್ 2018ರಲ್ಲಿ ತನ್ನ ಕಾನೂನಾಗಿ ಮಾಡಿಕೊಂಡಿದೆ. ಸಾರಿಗೆ, ವಸತಿ ಇತ್ಯಾದಿ ಸೇವೆಗಳನ್ನು ಒಟ್ಟಿಗೆ ಮಾರುವವರು ಕರಾರಿಗೆ ಮುನ್ನವೇ ವಸತಿ ಎಲ್ಲಿ, ಯಾವ ಭೇಟಿಗಳು ಸೇರಿವೆ, ಗುಂಪಿನ ಪ್ರವಾಸವಾದರೆ ಸಾಧ್ಯವಾದಷ್ಟು ಮಟ್ಟಿಗೆ ಗುಂಪಿನ ಅಂದಾಜು ಗಾತ್ರವೇನು ಎಂಬುದನ್ನು ತಿಳಿಸಬೇಕು. ಮುಖ್ಯ ಅಂಶಗಳನ್ನು ಗಣನೀಯವಾಗಿ ಬದಲಿಸಿದರೆ ಪ್ರವಾಸಿಗರು ದಂಡವಿಲ್ಲದೆ ಕರಾರಿನಿಂದ ಹೊರಬರಬಹುದು. ಹೇಳಿದ ಸೇವೆ ದೊರೆಯದಿದ್ದರೆ ಬೆಲೆಯಲ್ಲಿ ಕಡಿತ ಕೇಳಬಹುದು. ನಮ್ಮ ಪ್ರಕರಣಕ್ಕೆ ಅಳತೆ ತೆಗೆದು ಹೊಲಿದಂತಿರುವ ನಿಯಮಗಳಿವು. ಆದರೆ ಐಸ್‌ಲ್ಯಾಂಡಿನ ಸಂಸ್ಥೆ ‘ನಿಮ್ಮೊಡನೆ ನಮಗೆ ಕರಾರೇ ಇಲ್ಲ’ ಎಂದಿತು. ಕರಾರು ಮಾಡಿಕೊಂಡ ಮಧ್ಯವರ್ತಿ ತಮ್ಮ ದೇಶದ ಕಾನೂನು ಮಾತ್ರ ತಮಗೆ ಅನ್ವಯಿಸುತ್ತದೆ ಎಂದರು. ಲೋಪ ಕಂಡ ಕೂಡಲೇ, ಪ್ರವಾಸದ ನಡುವೆಯೇ ತಿಳಿಸಬೇಕೆಂಬುದೂ ಆ ನಿಯಮಗಳಲ್ಲಿದೆ. ನಾವು ಗೈಡ್ ಬಳಿ ಬಾಯಿಮಾತಿನಲ್ಲಿ ಗೊಣಗಿದ್ದೆವೇ ಹೊರತು ಯಾರಿಗೂ ಬರೆದಿರಲಿಲ್ಲ. ಹೆಲ್ಲಾದ ಹೋಟೆಲಿನಲ್ಲಿ ಕುಳಿತು ಎರಡು ಸಾಲಿನ ಮಿಂಚಂಚೆ ಕಳಿಸಿದ್ದರೂ ಸಾಕಿತ್ತು.

ಕಡೆಗೆ ನೆರವಾದದ್ದು ಕಾರ್ಡ್ ನೀಡಿದ ಬ್ಯಾಂಕು. ವಿವರಿಸಿದ ಸೇವೆ ದೊರೆತಿಲ್ಲವೆಂದು ತಕರಾರು ಸಲ್ಲಿಸಿ, ಮೂಲ ಪಟ್ಟಿ, ರಸ್ತೆ ನಕ್ಷೆಯ ಚಿತ್ರಗಳು, ಸರೋವರದ ಬಳಿ ತೆಗೆದ ಫೋಟೋಗಳಲ್ಲಿ ದಾಖಲಾಗಿದ್ದ ಸಮಯ ಎಲ್ಲವನ್ನೂ ಕೊಟ್ಟೆವು. ನಾಲ್ಕು ತಿಂಗಳ ಮೇಲೆ ಹಿಮಗುಹೆಯ ಮೊತ್ತ ಮರಳಿತು. ಗುಂಪಿನ ಗಾತ್ರಕ್ಕೂ ಹೋಟೆಲಿನ ಸ್ಥಳಕ್ಕೂ ಏನೂ ಸಿಗಲಿಲ್ಲ. ‘ಸಮಾನವಾದದ್ದು’ ಎಂಬ ಮಾತಿಗೆ ನಾವೇ ಒಪ್ಪಿಗೆ ಕೊಟ್ಟಿದ್ದೆವು ಎಂಬುದು ಅವರ ಉತ್ತರ.

ಅಕ್ಕ ಮತ್ತೊಮ್ಮೆ ಹೋಗೋಣವೆನ್ನುತ್ತಿದ್ದಾರೆ, ಈ ಬಾರಿ ಮಾರ್ಚಿನಲ್ಲಿ. ಆಗ ಹಗಲು ಹನ್ನೊಂದು ಹನ್ನೆರಡು ಗಂಟೆ ಇರುತ್ತದೆ, ಹಿಮಗುಹೆಗಳೂ ಸಾಮಾನ್ಯವಾಗಿ ಆ ತಿಂಗಳವರೆಗೆ ತೆರೆದಿರುತ್ತವೆ. ಐಸ್‌ಲ್ಯಾಂಡಿನ ಪ್ರವಾಸೋದ್ಯಮ ಮಂಡಳಿ ಪ್ರಕಟಿಸುವ ಪರವಾನಗಿದಾರರ ಪಟ್ಟಿಯಿಂದ ಮೂರು ಸಂಸ್ಥೆಗಳನ್ನು ಆರಿಸಿ, ವಾಹನದಲ್ಲಿ ಗರಿಷ್ಠ ಎಷ್ಟು ಜನ, ಬೇರೆಯವರು ಮಾರಿದ ಗುಂಪನ್ನು ಸೇರಿಸುತ್ತೀರಾ, ಎರಡನೆಯ ರಾತ್ರಿಯ ಹೋಟೆಲು ಬದಲಾದರೆ ಅದು ಯೋಕುಲ್ಸಾರ್ಲೋನ್‌ನಿಂದ ಎಷ್ಟು ಕಿಲೋಮೀಟರಿನೊಳಗೆ ಇರುತ್ತದೆ, ರೇನಿಸ್‌ಫ್ಯಾರಾದಲ್ಲಿ ಗೈಡ್ ನಮ್ಮೊಡನೆ ತೀರಕ್ಕೆ ಇಳಿಯುತ್ತಾರಾ ಎಂದು ಕೇಳಿ ಬರೆದಿದ್ದೇನೆ. ಒಬ್ಬರು ಪ್ರತಿಯೊಂದಕ್ಕೂ ಅಂಕಿಯೊಂದಿಗೆ ಉತ್ತರಿಸಿ, ಅದನ್ನು ಕರಾರಿನಲ್ಲಿ ಸೇರಿಸಲು ಒಪ್ಪಿದ್ದಾರೆ. ಇನ್ನೊಬ್ಬರು ಬಣ್ಣಬಣ್ಣದ ಚಿತ್ರಪುಸ್ತಿಕೆ ಕಳಿಸಿದ್ದಾರೆ. ಮೂರನೆಯವರ ಉತ್ತರ ಇನ್ನೂ ಬಂದಿಲ್ಲ.