ಕಣ್ಣು ತೆರೆದು ಕೇಳಿದ್ದು, ಪರದೆ ಹಾಕಿ ಕೇಳಿದ್ದು

ಒಂದು 9 ಸಾವಿರದ ಕ್ಲಾಸ್-ಡಿ (ಸ್ವಿಚಿಂಗ್ ಬಗೆಯ) ಆಂಪ್ಲಿಫೈಯರ್, ಅಂಗೈ ಮೇಲೆ ಕೂರುವಷ್ಟು ಚಿಕ್ಕದು. ಇನ್ನೊಂದು 85 ಸಾವಿರದ್ದು, ಎತ್ತಲು ಇಬ್ಬರು ಬೇಕು. ಮೊದಲ ವಾರ ಎರಡನ್ನೂ ಎದುರಿಗಿಟ್ಟುಕೊಂಡೇ ಕೇಳಿದೆ. ದೊಡ್ಡದರಲ್ಲಿ ವೀಣೆಯ ಮೀಟು ಸ್ಪಷ್ಟ, ಮೃದಂಗದ ಗುಮ್ಕಿ ತುಂಬಿ ಬರುತ್ತದೆ, ತಂಬೂರಿ ಕೋಣೆಯೆಲ್ಲ ಹರಡುತ್ತದೆ ಎಂದು ಬರೆದಿಟ್ಟೆ. ಚಿಕ್ಕದರ ಮುಂದೆ ಒಂದೇ ಮಾತು: ಬಡಕಲು.

ಆಮೇಲೆ 1000 ಹರ್ಟ್ಸ್ ಸ್ವರ ಹಾಕಿ, ಸ್ಪೀಕರ್ ತುದಿಗೆ ಮಲ್ಟಿಮೀಟರ್ ಹಿಡಿದೆ. ಎರಡೂ ಒಂದೇ ಮಟ್ಟ ಅಂದುಕೊಂಡಿದ್ದೆ. ಚಿಕ್ಕದು 2.00 ವೋಲ್ಟ್, ದೊಡ್ಡದು 2.25. ಅಂದರೆ ಸುಮಾರು 1 ಡೆಸಿಬಲ್ ಹೆಚ್ಚು. ಇಷ್ಟು ಹೆಚ್ಚಾದರೆ ಕಿವಿಗೆ ಎಷ್ಟೋ ಸಲ ‘ಜೋರು’ ಅನ್ನಿಸುವುದಿಲ್ಲ, ‘ಚೆನ್ನಾಗಿದೆ’ ಅನ್ನಿಸುತ್ತದೆ. ಹೋಲಿಸುವಾಗ 0.1 ಡೆಸಿಬಲ್ ಒಳಗೆ ತರಬೇಕು. 2 ವೋಲ್ಟಿನಲ್ಲಿ ಅದು 0.02 ವೋಲ್ಟಿನ ಮಾತು. ವಾಲ್ಯೂಮ್ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಅರ್ಧ ಗಂಟೆ ಕೂತೆ.

ಪರದೆಯ ಹಿಂದೆ ತಂಗಿ ಕೂತಳು. ನಾಣ್ಯ ಚಿಮ್ಮಿ ಯಾವುದೆಂದು ನಿರ್ಧರಿಸಿ, ಪುಸ್ತಕದಲ್ಲಿ ಬರೆದುಕೊಂಡು, ಮಾತಿಲ್ಲದೆ ಸ್ವಿಚ್ ತಿರುಗಿಸುತ್ತಿದ್ದಳು. ಆಂಪ್ ಬದಲಾದರೂ ಬದಲಾಗದಿದ್ದರೂ ಸ್ವಿಚ್ಚಿನ ಸದ್ದು ಒಂದೇ ಥರ ಬರುವಂತೆ ನೋಡಿಕೊಳ್ಳಬೇಕು, ಇಲ್ಲದಿದ್ದರೆ ‘ಟಕ್’ ಸದ್ದೇ ಗುಟ್ಟು ಬಿಟ್ಟುಕೊಡುತ್ತದೆ. (ಸ್ವಿಚ್ ಪ್ಲಸ್, ಮೈನಸ್ ಎರಡೂ ತಂತಿಗಳನ್ನು ಬದಲಿಸುವಂಥದ್ದಾಗಿರಲಿ. ಬಹಳಷ್ಟು ಕ್ಲಾಸ್-ಡಿ ಆಂಪ್‌ಗಳ ಮೈನಸ್ ತುದಿ ಗ್ರೌಂಡ್ ಅಲ್ಲ. ಎರಡು ಆಂಪ್‌ಗಳ ಮೈನಸ್ ಒಂದಾಗಿಸಿದರೆ ಸುಟ್ಟುಹೋಗಬಹುದು.) ಅದೇ ವೀಣೆಯ 12 ಸೆಕೆಂಡಿನ ತುಣುಕು, ಎರಡು ಸಂಜೆ, 16 ಸುತ್ತು. ಯಾವ ಆಂಪ್ ಎಂದು ನಾನು ಹೇಳಿದ್ದು ಸರಿಯಾಗಿದ್ದು 9. ಬರೀ ಊಹೆಗೇ 8 ಸಿಗುತ್ತದೆ. 12 ಬಂದಿದ್ದರೆ ನಂಬುತ್ತಿದ್ದೆ, ಏಕೆಂದರೆ ಊಹೆಯಿಂದ 12 ಅಥವಾ ಹೆಚ್ಚು ಬರುವ ಸಂಭವ ನೂರಕ್ಕೆ ಸುಮಾರು 4. ಎರಡೂ ಒಂದೇ ಎಂದು ಇದರಿಂದ ಸಾಬೀತಾಗಲಿಲ್ಲ. ನನ್ನ ಕೋಣೆಯಲ್ಲಿ, ಆ ಮಟ್ಟದಲ್ಲಿ, ನನ್ನ ಕಿವಿ ಗುರುತಿಸಲಿಲ್ಲ. ನಾನು ಬರೆದಿಟ್ಟ ‘ಬಡಕಲು’ ಎಂಬ ಮಾತಿಗೆ ಮಾತ್ರ ಆಧಾರ ಉಳಿಯಲಿಲ್ಲ.

ಪರದೆ ಹಾಕಿದರೆ ಎಲ್ಲವೂ ಒಂದೇ ಥರ ಕೇಳಿಸುತ್ತದೆ ಎನ್ನುವವರು ಸ್ಪೀಕರ್ ಹೋಲಿಸಿ ನೋಡಬೇಕು. ಅಲ್ಲಿ ವ್ಯತ್ಯಾಸ ಮೊದಲ ಸುತ್ತಿಗೇ ಗೊತ್ತಾಯಿತು. ಆದರೆ ನೋಡುತ್ತಾ ಕೇಳಿದಾಗ ನಾನು ಮೆಚ್ಚಿದ್ದು ಎದೆಯೆತ್ತರದ ಟವರ್ ಸ್ಪೀಕರ್. ತೆಳ್ಳನೆಯ ಹತ್ತಿ ಸೀರೆಯ ಮರೆಯಲ್ಲಿಟ್ಟಾಗ ಮತ್ತೆ ಮತ್ತೆ ಆರಿಸಿದ್ದು ಚಿಕ್ಕ ಬುಕ್‌ಶೆಲ್ಫ್ ಸ್ಪೀಕರ್ ಜೋಡಿ. ನನ್ನ ಹತ್ತಡಿ ಕೋಣೆಯಲ್ಲಿ ಟವರ್‌ನ ಬೇಸ್ ಗುಂಯ್‌ಗುಟ್ಟಿ ತಂಬೂರಿಯನ್ನು ಮುಚ್ಚುತ್ತಿತ್ತು. ವಾರವಿಡೀ ಕಣ್ಣು ತೆರೆದು ಕೇಳಿದರೂ ಅದು ನನಗೆ ತಿಳಿದಿರಲಿಲ್ಲ. 1994ರಲ್ಲಿ ಧ್ವನಿ ಸಂಶೋಧಕರಾದ ಫ್ಲಾಯ್ಡ್ ಟೂಲ್, ಶಾನ್ ಆಲಿವ್ ಪ್ರಕಟಿಸಿದ ಪ್ರಯೋಗದಲ್ಲೂ ಹೀಗೇ: ಸ್ಪೀಕರ್ ಇಟ್ಟ ಜಾಗ ಬದಲಾದಾಗ, ನೋಡದೆ ಕೇಳಿದಾಗ ಕೊಟ್ಟ ಅಂಕ ಬದಲಾಯಿತು, ನೋಡುತ್ತಾ ಕೇಳಿದಾಗ ಕೊಟ್ಟ ಅಂಕ ಅಷ್ಟಾಗಿ ಅಲುಗಲಿಲ್ಲ. ಓದಿದಾಗ ನನ್ನ ಟವರ್ ಕಣ್ಮುಂದೆ ಬಂತು.

ಕಣ್ಣು ತೆರೆದು ಕೇಳುವುದಕ್ಕೂ ಕೆಲಸವಿದೆ. ಎಲ್ಲಿ ಕಿವಿಗೊಡಬೇಕು ಎಂಬುದು ಸಿಗುವುದು ಆ ನಿಧಾನದ ಕೇಳ್ವಿಕೆಯಲ್ಲೇ. ವೀಣೆಯ ಆ 12 ಸೆಕೆಂಡು ನನಗೆ ಸಿಕ್ಕಿದ್ದು ಹಾಗೆ. ರಾತ್ರಿಯ ನಿಶ್ಶಬ್ದದಲ್ಲಿನ ಹಮ್, ಬಿಸಿಯಾಗುವ ಹೊದಿಕೆ, ರಿಮೋಟ್ ಇವೆಲ್ಲ ದಿನವೂ ಬಳಸಿದರೇ ತಿಳಿಯುವಂಥವು. ದೊಡ್ಡ ಆಂಪ್ ಇಟ್ಟುಕೊಂಡಿದ್ದೇನೆ, ಅಪ್ಪನ ರೆಕಾರ್ಡ್ ಪ್ಲೇಯರಿಗೆ ಬೇಕಾದ ಫೋನೋ ಇನ್‌ಪುಟ್ ಅದರಲ್ಲಿ ಮಾತ್ರ ಇದೆ. ಟವರ್ ಮಾರಿದೆ.